ಹನಿಗೂಡಿದರೆ ಹಳ್ಳ

ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆಯ ಅರ್ಥವನ್ನು ನಮ್ಮ ಹಳ್ಳಿಗಳು ಬಾಯಿಮಾತಿಗೆ ಬಿಡದೆ ಬಾಳಿನಲ್ಲಿ ಬಳಸಿದವು. ನಾಟಿಯ ಕಾಲದಲ್ಲಾಗಲಿ, ಕೊಯ್ಲಿನ ಕಾಲದಲ್ಲಾಗಲಿ, ಒಬ್ಬನ ಹೊಲಕ್ಕೆ ನೆರೆಹೊರೆಯವರೆಲ್ಲ ಬಂದು ದುಡಿಯುವುದು, ಅವರ ಸರದಿ ಬಂದಾಗ ಅವನು ಹೋಗಿ ದುಡಿಯುವುದು ರೂಢಿಯಾಗಿತ್ತು. ಇದಕ್ಕೆ ಮುಯ್ಯಾಳು ಎಂದು ಹೆಸರು. ಒಂದು ಸಂಸಾರಕ್ಕೆ ತಿಂಗಳು ಹಿಡಿಯುವ ಕೆಲಸ ಹತ್ತು ಸಂಸಾರಗಳು ಕೂಡಿದರೆ ಎರಡು ಮೂರು ದಿನಗಳಲ್ಲಿ ಮುಗಿಯುತ್ತದೆ. ಈ ಹಳೆಯ ಪದ್ಧತಿ ಇಂದು ಹೊಸ ಬಗೆಯ ಹೊಲವೊಂದರಲ್ಲಿ ಕಾಣಿಸಿಕೊಂಡಿದೆ. ಆ ಹೊಲದ ಹೆಸರು ವಾಯುಗುಣದ ಅಧ್ಯಯನ. ಅಲ್ಲಿ ದುಡಿಯುವ ಮುಯ್ಯಾಳುಗಳು ಮನೆಮನೆಯಲ್ಲಿ ಸುಮ್ಮನೆ ಕುಳಿತಿರುವ ಗಣಕಯಂತ್ರಗಳು.

ಬೆಂಗಳೂರು ತಂಪಾದ ಊರೆಂದು ಹಿಂದಿನಿಂದಲೂ ಹೆಸರಾಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಅಲ್ಲಿನ ಜ್ವರದ ಕಾಟ ತಾಳಲಾರದೆ ಇಲ್ಲಿಗೆ ಸಾಗಿಸಿ, ಹಲಸೂರಿನ ಬಳಿ ದಂಡಿನ ಪ್ರದೇಶವನ್ನು ಕಟ್ಟಿದುದಕ್ಕೆ ಇಲ್ಲಿನ ಹಿತವಾದ ಹವೆಯೂ ಒಂದು ಕಾರಣ. ಆದರೆ 2016ರ ಏಪ್ರಿಲ್ ತಿಂಗಳಿನಲ್ಲಿ ಇದೇ ಊರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ ಮತ್ತೆ 38.5 ಡಿಗ್ರಿಗೆ ಏರಿತು. ಈ ಎರಡು ಬೇಸಗೆಗಳ ನಡುವೆ, 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಒಂದೇ ರಾತ್ರಿ ಸುರಿದ ಭಾರಿ ಮಳೆಗೆ ಕೃಷ್ಣರಾಜಪುರ, ಮಹದೇವಪುರದ ಕಡೆಯ ಬಡಾವಣೆಗಳು ನೀರಿನಲ್ಲಿ ಮುಳುಗಿದವು. ರಸ್ತೆಗಳಲ್ಲಿ ದೋಣಿಗಳು ತೇಲಿದವು. ಉದ್ಯೋಗಸ್ಥರು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು.

ಇಂತಹ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇದೇನು ಆಕಸ್ಮಿಕವೇ, ಅಥವಾ ಭೂಮಿಯ ವಾಯುಗುಣವೇ ಬದಲಾಗುತ್ತಿದೆಯೇ? ಕೆರೆಗಳನ್ನು ಮುಚ್ಚಿ, ರಾಜಕಾಲುವೆಗಳನ್ನು ಒತ್ತಿ, ಮರಗಳಿದ್ದೆಡೆ ಕಾಂಕ್ರೀಟು ಹಾಕಿದ ನಗರದ ಸ್ವಂತ ತಪ್ಪು ಇದರಲ್ಲಿ ಎಷ್ಟು, ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನ ಪಾಲು ಎಷ್ಟು? ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳುವವರು ಬಹಳ ಮಂದಿ. ಲೆಕ್ಕ ಹಾಕಿ ಹೇಳುವುದು ಮಾತ್ರ ಸುಲಭವಲ್ಲ.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ತಿಳಿದಿರಬೇಕು. ಇಂದು ಸಂಜೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದೆ ಮಳೆ ಬರುವುದೇ ಎಂಬುದು ಹವಾಮಾನದ ಮಾತು. ಮೂವತ್ತು ವರ್ಷಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಎಷ್ಟು ಮಳೆ ಬೀಳುತ್ತದೆ, ಎಷ್ಟು ಬಿಸಿಲು ಕಾಯುತ್ತದೆ ಎಂಬುದು ವಾಯುಗುಣದ ಮಾತು. ಮೊದಲನೆಯದು ಪಗಡೆಯ ದಾಳವನ್ನು ಒಮ್ಮೆ ಉರುಳಿಸಿದಂತೆ. ಎರಡನೆಯದು ಆ ದಾಳದ ಗುಣ ಎಂಥದೆಂದು ತಿಳಿಯುವಂತೆ. ದಾಳದ ಒಂದು ಮಗ್ಗುಲಿಗೆ ಯಾರಾದರೂ ಗುಟ್ಟಾಗಿ ಸೀಸ ಹಾಕಿದ್ದಾರೆಯೇ ಎಂಬುದನ್ನು ಒಂದೆರಡು ಸಲ ಉರುಳಿಸಿ ಹೇಳಲಾಗದು. ಸಾವಿರ ಸಲ ಉರುಳಿಸಿ ನೋಡಿದರೆ ಮಾತ್ರ ಸತ್ಯ ಹೊರಬೀಳುತ್ತದೆ. ಆದರೆ ಭೂಮಿ ಇರುವುದು ಒಂದೇ. 2022ರ ಸೆಪ್ಟೆಂಬರ್ ತಿಂಗಳು ಬಂದುದೂ ಒಂದೇ ಬಾರಿ. ಅದನ್ನು ಮತ್ತೆ ಮತ್ತೆ ನಡೆಸಿ ನೋಡಬೇಕಾದರೆ ಗಣಿತದಲ್ಲಿ ಮತ್ತೊಂದು ಭೂಮಿಯನ್ನೇ ಕಟ್ಟಬೇಕು.

ಅಂತಹ ಭೂಮಿಯನ್ನು ಕಟ್ಟುವ ಸಾಹಸಕ್ಕೆ ಮೊದಲಿಗರಲ್ಲಿ ಒಬ್ಬ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದಲ್ಲಿ ಅವನು ಆಯುಧ ಹಿಡಿಯಲೊಪ್ಪದೆ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದ ಚಾಲಕನಾಗಿದ್ದ. ಬಿಡುವಿನ ವೇಳೆಯಲ್ಲಿ ಕೈಯಿಂದಲೇ ಲೆಕ್ಕ ಮಾಡಿ, ಹಿಂದೆಂದೋ ಕಳೆದುಹೋದ ಒಂದು ದಿನದ ಆರು ಗಂಟೆಗಳ ಹವೆಯನ್ನು ಗಣಿತದಿಂದ ಕಂಡುಹಿಡಿಯಲು ಯತ್ನಿಸಿದ. ಉತ್ತರ ಪೂರ್ತಿ ತಪ್ಪಾಯಿತು. ಆದರೂ ಅವನು ಅದನ್ನು ಮುಚ್ಚಿಡದೆ 1922ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಆ ಪುಸ್ತಕದಲ್ಲಿ ಅವನೊಂದು ಕನಸನ್ನೂ ಬರೆದ. ನಾಟಕಶಾಲೆಯಂತಹ ದುಂಡನೆಯ ಬೃಹತ್ ಭವನ. ಗೋಡೆಗಳ ಮೇಲೆ ಭೂಪಟ. ಒಂದೊಂದು ಪ್ರದೇಶದ ಹವೆಯನ್ನು ಲೆಕ್ಕ ಹಾಕುತ್ತ ಕುಳಿತ 64,000 ಮಂದಿ. ನಡುವೆ ಎತ್ತರದ ಪೀಠದಲ್ಲಿ ಒಬ್ಬ ಮೇಲ್ವಿಚಾರಕ. ಲೆಕ್ಕದಲ್ಲಿ ಮುಂದೋಡುವವರ ಮೇಲೆ ಅವನು ಗುಲಾಬಿ ಬೆಳಕನ್ನೂ ಹಿಂದೆ ಬೀಳುವವರ ಮೇಲೆ ನೀಲಿ ಬೆಳಕನ್ನೂ ಚೆಲ್ಲಿ ಎಲ್ಲರನ್ನೂ ಒಂದೇ ಲಯದಲ್ಲಿ ನಡೆಸುತ್ತಾನೆ. ದೊಡ್ಡ ಲೆಕ್ಕವೊಂದನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಬೇಕು ಎಂಬುದೇ ಆ ಕನಸಿನ ತಿರುಳು.

ಈ ತಿರುಳನ್ನು ಯಂತ್ರದಲ್ಲಿ ಮೂಡಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಇಂದಿರಾನಗರಕ್ಕೆ ಸಮೀಪದ ಕೋಡಿಹಳ್ಳಿಯಲ್ಲಿ ನೆಲೆಸಿರುವ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ವಿಜ್ಞಾನಿಗಳು 1986ರಲ್ಲಿ 'ಫ್ಲೋಸಾಲ್ವರ್' ಎಂಬ ಗಣಕವನ್ನು ನಿರ್ಮಿಸಿದರು. ವಾಯುವಿಜ್ಞಾನದಲ್ಲಿ ಹೆಸರಾಂತ ರೊದ್ದಂ ನರಸಿಂಹ ಅವರು ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದರು. ಅತಿವೇಗದ ಗಣಕಗಳನ್ನು ವಿದೇಶಗಳಿಂದ ಕೊಳ್ಳುವುದು ಆಗ ಭಾರತಕ್ಕೆ ಸುಲಭವಾಗಿರಲಿಲ್ಲ. ಒಂದು ದೈತ್ಯನು ಸಿಕ್ಕದಿದ್ದರೇನು, ಹಲವು ಸಾಮಾನ್ಯರನ್ನು ಕೂಡಿಸಿ ದುಡಿಸೋಣ ಎಂಬಂತೆ, ಹಲವು ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ಮಾಡುವ ವಿಧಾನವನ್ನು ಅವರು ಹಿಡಿದರು. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿಯ ಲೆಕ್ಕದಿಂದ ತೊಡಗಿದ ಈ ಕೆಲಸ ಮುಂದೆ ಮಳೆಗಾಲದ ಗಾಳಿಯ ಲೆಕ್ಕಕ್ಕೂ ಹಬ್ಬಿತು. 2003ರಲ್ಲಿ ಪ್ರಗತ ಗಣಕ ಅಭಿವೃದ್ಧಿ ಕೇಂದ್ರವು, ಅಂದರೆ ಸಿ-ಡ್ಯಾಕ್ ಸಂಸ್ಥೆಯು, 'ಪರಮ್ ಪದ್ಮ' ಎಂಬ ಗಣಕವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿತು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಯಂತ್ರ ಅದು.

ಇವೆಲ್ಲ ಸಂಸ್ಥೆಗಳ ಯಂತ್ರಗಳು. ವಾಯುಗುಣದ ಲೆಕ್ಕವಾದರೋ ಇವುಗಳ ಹಸಿವನ್ನೂ ಮೀರಿದ್ದು. ಒಂದೇ ಲೆಕ್ಕವನ್ನು ಚೂರು ಚೂರು ಬದಲಾಯಿಸಿ ಸಾವಿರಾರು ಬಾರಿ ಮಾಡಬೇಕಾದಾಗ ದೊಡ್ಡ ಗಣಕಕ್ಕೂ ಬಿಡುವು ಸಾಲದು. ಅದೇ ಹೊತ್ತಿನಲ್ಲಿ ಲೋಕದ ಕೋಟ್ಯಂತರ ಮನೆಗಳಲ್ಲಿ ಗಣಕಗಳು ಬೆಳಗುತ್ತಿವೆ. ಪತ್ರ ಬರೆಯುವಾಗಲೋ ಲೇಖನ ಓದುವಾಗಲೋ ಅವುಗಳ ಶಕ್ತಿಯ ಅಲ್ಪಭಾಗ ಮಾತ್ರ ಬಳಕೆಯಾಗುತ್ತದೆ, ಉಳಿದುದು ವ್ಯರ್ಥ. ಈ ಬಿಡುವಿನ ಶಕ್ತಿಯನ್ನು ವಿಜ್ಞಾನಕ್ಕೆ ಬಳಸಬಹುದೆಂದು ಜಗತ್ತಿಗೆ ದೊಡ್ಡ ಪ್ರಮಾಣದಲ್ಲಿ ತೋರಿಸಿದುದು 1999ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರಂಭವಾದ 'ಸೆಟಿ ಅಟ್ ಹೋಮ್' ಯೋಜನೆ. ಅನ್ಯಲೋಕಗಳಿಂದ ಸಂಕೇತಗಳು ಬರುತ್ತಿವೆಯೇ ಎಂದು ಹುಡುಕಿದ ಆ ಯೋಜನೆ 2020ರಲ್ಲಿ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಅದೇ 1999ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿ ಮೈಲ್ಸ್ ಆಲನ್, ವಾಯುಗುಣದ ಲೆಕ್ಕವನ್ನೂ ಜನರ ಮನೆಗಳಿಗೆ ಹಂಚಬಹುದೆಂದು 'ನೇಚರ್' ಪತ್ರಿಕೆಯಲ್ಲಿ ಸೂಚಿಸಿದ. ನಾಲ್ಕು ವರ್ಷಗಳ ಸಿದ್ಧತೆಯ ಬಳಿಕ, 2003ರ ಸೆಪ್ಟೆಂಬರ್‌ನಲ್ಲಿ, 'ಕ್ಲೈಮೇಟ್‌ಪ್ರಿಡಿಕ್ಷನ್ ಡಾಟ್ ನೆಟ್' ಎಂಬ ಯೋಜನೆ ಆರಂಭವಾಯಿತು.

ಮನೆಯ ಗಣಕ ಇದರಲ್ಲಿ ಪಾಲ್ಗೊಳ್ಳುವ ಬಗೆ ಸರಳವಾದುದು. ಹಲಸೂರಿನ ಸೋಮೇಶ್ವರ ದೇವಾಲಯದ ಬಳಿಯ ಗಲ್ಲಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಾಳೆ. ಅವಳು ಮನೆಯವರ ಒಪ್ಪಿಗೆ ಪಡೆದು 'ಬಾಯಿಂಕ್' ಎಂಬ ತಂತ್ರಾಂಶವನ್ನು ಗಣಕದಲ್ಲಿ ಅಳವಡಿಸಿ, ತನಗೆ ಬೇಕಾದ ಯೋಜನೆಯನ್ನು ಆರಿಸುತ್ತಾಳೆ. ಆಗ ದೂರದ ಕೇಂದ್ರದಿಂದ ಲೆಕ್ಕದ ಒಂದು ಪಾಲು ಅಂತರ್ಜಾಲದ ಮೂಲಕ ಅವಳ ಗಣಕಕ್ಕೆ ಬರುತ್ತದೆ. ಮನೆಯವರು ಗಣಕವನ್ನು ಬಳಸುವಾಗ ಆ ಲೆಕ್ಕ ದಾರಿ ಬಿಟ್ಟು ಹಿಂದೆ ಸರಿಯುತ್ತದೆ. ಗಣಕಕ್ಕೆ ಬಿಡುವಾದಾಗ ಮುಂದುವರಿಯುತ್ತದೆ. ವಿದ್ಯುತ್ತು ಹೋದರೂ ಎಲ್ಲವೂ ಹಾಳಾಗುವುದಿಲ್ಲ. ಆಗಾಗ ಗುರುತಿಟ್ಟುಕೊಂಡ ಜಾಗದಿಂದ ಮತ್ತೆ ತೊಡಗುತ್ತದೆ. ಲೆಕ್ಕ ಮುಗಿದೊಡನೆ ಉತ್ತರ ಕೇಂದ್ರಕ್ಕೆ ಹಿಂದಿರುಗುತ್ತದೆ.

ಹಾಗೆ ಬರುವ ಲೆಕ್ಕದಲ್ಲಿ ಇರುವುದೇನು? ಇಡೀ ಭೂಮಿಯನ್ನೂ ಅದರ ವಾಯುಮಂಡಲವನ್ನೂ ಚೌಕಗಳಾಗಿ ವಿಂಗಡಿಸಿದ ಒಂದು ಮಾದರಿ. ಮೊದಲ ಪ್ರಯೋಗದಲ್ಲಿ ಒಂದೊಂದು ಚೌಕವೂ ಪೂರ್ವ ಪಶ್ಚಿಮವಾಗಿ 3.75 ಡಿಗ್ರಿ, ಉತ್ತರ ದಕ್ಷಿಣವಾಗಿ 2.5 ಡಿಗ್ರಿ ಅಗಲವಿತ್ತು. ಭೂಪಟದ ಮೇಲೆ ಅಳೆದರೆ ಮಂಗಳೂರಿನಿಂದ ಹೊರಟು ಬೆಂಗಳೂರನ್ನು ದಾಟಿ ಕೋಲಾರದ ಆಚೆಯವರೆಗೆ ಒಂದೇ ಚೌಕವಾಗುತ್ತದೆ. ಕರಾವಳಿಯ ಜಡಿಮಳೆಗೂ ಕೋಲಾರದ ಒಣಹವೆಗೂ ಒಂದೇ ಅಂಕಿ! ಆದುದರಿಂದ ಇಂತಹ ಮಾದರಿಯಿಂದ ಹಲಸೂರಿನ ನಾಳೆಯ ಮಳೆಯನ್ನು ತಿಳಿಯಲಾಗದು. ಇಡೀ ಭೂಮಿ ಎಷ್ಟು ಕಾಯುತ್ತದೆ ಎಂಬಂತಹ ವಿಶಾಲ ಪ್ರಶ್ನೆಗೆ ಮಾತ್ರ ಅದು ತಕ್ಕುದು. ಒಂದೊಂದು ಪ್ರದೇಶವನ್ನು ಸಣ್ಣ ಚೌಕಗಳಲ್ಲಿ ನೋಡುವ ಪ್ರಯೋಗಗಳು ಮುಂದೆ ಬಂದವು.

ಮೋಡದಲ್ಲಿ ಹಿಮದ ಕಣಗಳು ಎಷ್ಟು ವೇಗವಾಗಿ ಇಳಿಯುತ್ತವೆ ಎಂಬಂತಹ ಕೆಲವು ಸಂಗತಿಗಳು ನಿಖರವಾಗಿ ತಿಳಿದಿಲ್ಲ. ಅಂತಹ ಬೆಲೆಗಳನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ ಒಂದೊಂದು ಮನೆಗೆ ಒಂದೊಂದು ಬಗೆಯ ಭೂಮಿಯನ್ನು ಕಳುಹಿಸಲಾಯಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ಇಮ್ಮಡಿಯಾದರೆ ಭೂಮಿಯ ತಾಪ ಎಷ್ಟು ಏರುವುದು ಎಂಬುದೇ ಪ್ರಶ್ನೆ. ಎರಡು ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಕೂಡಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ಬೆರಗುಗೊಳಿಸಿತು. ಸುಮಾರು 2 ಡಿಗ್ರಿಯಿಂದ 11 ಡಿಗ್ರಿಯವರೆಗೂ ಉತ್ತರಗಳು ಹರಡಿದ್ದವು. 11 ಡಿಗ್ರಿ ಏರಿಯೇ ಏರುತ್ತದೆಂದು ಇದರ ಅರ್ಥವಲ್ಲ; ಮನುಷ್ಯನ ಅರಿವಿನಲ್ಲಿ ಅನಿಶ್ಚಯ ಎಷ್ಟಿದೆ ಎಂಬುದನ್ನು ಅದು ಅಳೆದು ತೋರಿಸಿತು. ಹಲವು ಬಗೆಯ ಆಧಾರಗಳನ್ನು ತೂಗಿ ನೋಡಿ, 2021ರಲ್ಲಿ ವಿಶ್ವಸಂಸ್ಥೆಯ ವಾಯುಗುಣ ಸಮಿತಿಯು ಈ ಏರಿಕೆ 2.5ರಿಂದ 4 ಡಿಗ್ರಿಯೊಳಗೆ ಇರುವ ಸಂಭವವೇ ಹೆಚ್ಚೆಂದು ಹೇಳಿತು.

ಪಗಡೆಯ ದಾಳದ ಪ್ರಶ್ನೆಗೂ ಮನೆಗಣಕಗಳು ಉತ್ತರ ಹುಡುಕಿದವು. 2000ದ ಶರತ್ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ನಾಡುಗಳಲ್ಲಿ ಭಾರಿ ನೆರೆ ಬಂದಿತ್ತು. ಅಂದಿನ ಕಾವೇರಿದ ಭೂಮಿಯನ್ನು ಒಂದು ಕಡೆ, ಮನುಷ್ಯನು ಹೊಗೆಯುಗುಳದಿದ್ದರೆ ಇರುತ್ತಿದ್ದ ಭೂಮಿಯನ್ನು ಇನ್ನೊಂದು ಕಡೆ ಇಟ್ಟು, ಆ ಶರತ್ಕಾಲವನ್ನು ಸಾವಿರಾರು ಬಾರಿ ಲೆಕ್ಕದಲ್ಲಿ ನಡೆಸಲಾಯಿತು. ಮನುಷ್ಯನ ಕೃತ್ಯದಿಂದ ನೆರೆಯ ಸಂಭವ ಶೇಕಡ 20ಕ್ಕಿಂತಲೂ ಹೆಚ್ಚಾಗಿತ್ತೆಂದು ಹತ್ತರಲ್ಲಿ ಒಂಬತ್ತು ಪಾಲು ಲೆಕ್ಕಗಳು ಹೇಳಿದವು. ಇದು 2011ರಲ್ಲಿ ಪ್ರಕಟವಾಯಿತು. ಆದರೆ ನಮ್ಮ ನೆರೆಯ ಚೆನ್ನೈ ನಗರವನ್ನು 2015ರ ಡಿಸೆಂಬರ್‌ನಲ್ಲಿ ಮುಳುಗಿಸಿದ ಮಳೆಯನ್ನು ಪರೀಕ್ಷಿಸಿದಾಗ ಉತ್ತರ ಬೇರೆಯಾಯಿತು. ಸ್ವಯಂಸೇವಕರ ಗಣಕಗಳ ಲೆಕ್ಕವನ್ನೂ ಬಳಸಿದ ಆ ಅಧ್ಯಯನದಲ್ಲಿ, ಜಾಗತಿಕ ತಾಪದ ಕೈವಾಡ ಸ್ಪಷ್ಟವಾಗಿ ಕಾಣಲಿಲ್ಲ. ಗಾಳಿಯಲ್ಲಿ ತೇಲುವ ಹೊಗೆಯ ಕಣಗಳು ತಾಪದ ಪರಿಣಾಮವನ್ನು ಅದುವರೆಗೆ ತಡೆದಿರಬಹುದೆಂದು ವಿಜ್ಞಾನಿಗಳು ಸೇರಿಸಿದರು. ನಿರೀಕ್ಷಿಸಿದ ಉತ್ತರ ಬರಲಿಲ್ಲವೆಂದು ಅವರು ಅದನ್ನು ಬಚ್ಚಿಡಲಿಲ್ಲ. ದಾನವಾಗಿ ಬಂದ ಲೆಕ್ಕಕ್ಕೆ ಸಲ್ಲಬೇಕಾದ ಗೌರವವೇ ಅದು.

ತಪ್ಪುಗಳೂ ಆದವು. 2006ರಲ್ಲಿ ಬಿಬಿಸಿ ಸಂಸ್ಥೆಯೊಡನೆ ಕೂಡಿ ಇದೇ ಯೋಜನೆ ದೊಡ್ಡ ಪ್ರಯೋಗವೊಂದನ್ನು ಕೈಗೊಂಡಿತು. ಲೆಕ್ಕಗಳು ವಾರಗಟ್ಟಲೆ ನಡೆದ ಮೇಲೆ, ಗಂಧಕದ ಹೊಗೆಯ ಕಣಗಳಿಗೆ ಸಂಬಂಧಿಸಿದ ಮಾಹಿತಿಯಲ್ಲಿ ದೋಷವಿರುವುದು ತಿಳಿಯಿತು. ವಿಜ್ಞಾನಿಗಳು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡು ಪ್ರಯೋಗವನ್ನು ಮೊದಲಿನಿಂದ ಆರಂಭಿಸಿದರು. ಲೆಕ್ಕ ಕೊಟ್ಟವರು ಗಣಿತವನ್ನಷ್ಟೇ ಅಲ್ಲದೆ ಸಹನೆಯನ್ನೂ ಕೊಡಬೇಕಾಯಿತು.

ಹಲಸೂರಿನ ಆ ಮನೆಗೆ ಹಿಂದಿರುಗೋಣ. ಹುಡುಗಿಯ ತಾತ ವಿದ್ಯುತ್ತಿನ ಬಿಲ್ಲನ್ನು ಕೈಯಲ್ಲಿ ಹಿಡಿದು ಕೇಳುತ್ತಾರೆ:

"ಯಾರದೋ ಲೆಕ್ಕಕ್ಕೆ ನಮ್ಮನೆ ಕರೆಂಟು ಯಾಕಮ್ಮ ಸುಡಬೇಕು?"

"ಯಾರದೋ ಲೆಕ್ಕ ಅಲ್ಲ ತಾತ, ಮಳೆ ಲೆಕ್ಕ. ಅದು ನಮ್ಮದೂ ಅಲ್ವಾ?"

"ಸರಿ, ಮಳೆ ನಮ್ಮದೇ. ಕರೆಂಟು ಮಾಡೋದಕ್ಕೆ ಕಲ್ಲಿದ್ದಲು ಸುಡ್ತಾರಲ್ಲ, ಆ ಹೊಗೆ ಯಾರದು?"

ತಾತನ ಪ್ರಶ್ನೆ ಹಗುರವಾದುದಲ್ಲ. ಗಣಕವು ಬಿಡುವಾಗಿ ಕುಳಿತಾಗ ಬಳಸುವುದಕ್ಕಿಂತ ಲೆಕ್ಕದಲ್ಲಿ ತೊಡಗಿದಾಗ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಅದು ನೂರು ವಾಟ್ ಬಳಸುವುದೆಂದಿಟ್ಟುಕೊಂಡರೆ ಹತ್ತು ಗಂಟೆಗಳಿಗೆ ಒಂದು ಯೂನಿಟ್, ದಿನಕ್ಕೆ ಹತ್ತು ಗಂಟೆಗಳಂತೆ ತಿಂಗಳಿಗೆ ಮೂವತ್ತು ಯೂನಿಟ್. ಕರ್ನಾಟಕದ ವಿದ್ಯುತ್ತಿನಲ್ಲಿ ಶರಾವತಿಯ ನೀರೂ ಇದೆ, ಪಾವಗಡದ ಬಿಸಿಲೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ. ವಾಯುಗುಣದ ಹಿತಕ್ಕಾಗಿ ಮಾಡುವ ಲೆಕ್ಕವೇ ವಾಯುಗುಣಕ್ಕೆ ಹೊರೆಯಾಗಬಾರದಲ್ಲವೇ? ವಿದ್ಯುತ್ತನ್ನು ಬಹಳವಾಗಿ ನುಂಗುವ ಹಳೆಯ ಯಂತ್ರವನ್ನು ಇದಕ್ಕೆಂದೇ ಹಗಲಿರುಳು ಓಡಿಸುವುದು ವಿವೇಕವಲ್ಲ. ಶಾಲೆಯ ಅಥವಾ ಕಚೇರಿಯ ಗಣಕವನ್ನು ಅಪ್ಪಣೆಯಿಲ್ಲದೆ ಬಳಸುವುದಂತೂ ದಾನವೇ ಅಲ್ಲ. ಪರರ ಸ್ವತ್ತನ್ನು ದಾನ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕೆಲಸ ಕಳುಹಿಸುವ ಸಂಸ್ಥೆ ನಂಬಿಕೆಗೆ ಅರ್ಹವೇ, ಅದರ ಫಲಿತಾಂಶಗಳು ಎಲ್ಲರಿಗೂ ಸಿಗುವಂತೆ ಪ್ರಕಟವಾಗುತ್ತವೆಯೇ ಎಂಬುದನ್ನೂ ವಿಚಾರಿಸಬೇಕು. ಪರೋಪಕಾರಕ್ಕೂ ಪರಿಶೀಲನೆ ಬೇಕು.

ಮೊಮ್ಮಗಳೂ ತಾತನೂ ಕೂಡಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಓದಿಗಾಗಿ ಗಣಕ ಹೇಗೂ ಚಾಲನೆಯಲ್ಲಿರುವ ಸಂಜೆಯ ಎರಡು ಗಂಟೆಗಳಲ್ಲಿ, ಅರ್ಧ ಶಕ್ತಿಯನ್ನು ಮಾತ್ರ ಲೆಕ್ಕಕ್ಕೆ ಬಿಡುವುದು. ಉಳಿದ ವೇಳೆ ಗಣಕವನ್ನು ಆರಿಸಿಡುವುದು. ಅದಕ್ಕೆ ತಗಲುವ ವಿದ್ಯುತ್ತನ್ನು ಮನೆಯ ಬೇರೆ ಖರ್ಚಿನಲ್ಲಿ ಉಳಿಸುವುದು. ಆ ಸಂಜೆಯಿಂದ ತಾತನೇ ಖಾಲಿ ಕೋಣೆಗಳ ದೀಪಗಳನ್ನು ಒಂದೊಂದಾಗಿ ಆರಿಸುತ್ತ ಬರುತ್ತಾರೆ. ಗಣಕದ ತೆರೆಯ ಮೇಲೆ ಲೆಕ್ಕ ಎಷ್ಟು ಪಾಲು ಮುಗಿಯಿತೆಂದು ಒಮ್ಮೊಮ್ಮೆ ಕನ್ನಡಕ ಏರಿಸಿ ನೋಡುತ್ತಾರೆ.

ಒಂದು ಮನೆಯಿಂದ ಸೇರುವ ಲೆಕ್ಕ ಅಲ್ಪ. ಅದೊಂದರಿಂದ ಯಾವ ಸತ್ಯವೂ ಸಿದ್ಧವಾಗದು. ಆದರೆ ಸಾವಿರ ಉತ್ತರಗಳಲ್ಲಿ ಅದೂ ಒಂದಾಗಿ ಸೇರಿದಾಗ, ಭೂಮಿಯ ನಾಳೆಯನ್ನು ಕುರಿತ ಅರಿವು ಕೂದಲೆಳೆಯಷ್ಟಾದರೂ ಮುಂದೆ ಸಾಗುತ್ತದೆ. ನೂರು ವರ್ಷಗಳ ಹಿಂದೆ ರಿಚರ್ಡ್‌ಸನ್ ಕಂಡ ಭವನಕ್ಕೆ ಈಗ ಗೋಡೆಗಳಿಲ್ಲ. ಅದರ ಒಂದು ಆಸನ ಹಲಸೂರಿನ ಗಲ್ಲಿಯಲ್ಲಿಯೂ ಇರಬಹುದು. ಹಳ್ಳ ಹರಿಯುವಾಗ ಯಾವ ಹನಿ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಆದರೂ ಹನಿಗಳಿಲ್ಲದೆ ಹಳ್ಳವಿಲ್ಲ.

ಅಭ್ಯಾಸ

ಅ. ಪದಗಳ ಅರ್ಥ
ಮುಯ್ಯಾಳು – ಪರಸ್ಪರ ಸಹಾಯಕ್ಕಾಗಿ ದುಡಿಯುವ ಆಳು
ದಂಡು – ಸೈನ್ಯ; ಸೈನ್ಯ ಬೀಡುಬಿಟ್ಟ ಸ್ಥಳ
ಸಂಸ್ಕಾರಕ – ಗಣಕದಲ್ಲಿ ಲೆಕ್ಕ ಮಾಡುವ ಭಾಗ
ತಂತ್ರಾಂಶ – ಗಣಕಕ್ಕೆ ಕೊಡುವ ಆದೇಶಗಳ ಸಮೂಹ
ತಿರುಳು – ಸಾರ

ಆ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ
1. ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸವೇನು?
2. ರಿಚರ್ಡ್‌ಸನ್ ಕಂಡ ಕನಸಿನ ತಿರುಳು ಯಾವುದು?
3. 'ಫ್ಲೋಸಾಲ್ವರ್' ಗಣಕವನ್ನು ಯಾವ ವರ್ಷ, ಎಲ್ಲಿ ನಿರ್ಮಿಸಿದರು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ
1. ಮನೆಯ ಗಣಕವು ವಾಯುಗುಣದ ಅಧ್ಯಯನದಲ್ಲಿ ಪಾಲ್ಗೊಳ್ಳುವ ಬಗೆಯನ್ನು ವಿವರಿಸಿರಿ.
2. "ಪರೋಪಕಾರಕ್ಕೂ ಪರಿಶೀಲನೆ ಬೇಕು" – ಪಾಠದ ಆಧಾರದಿಂದ ಸಮರ್ಥಿಸಿರಿ.
3. ತಾತನ ಪ್ರಶ್ನೆ ಸರಿಯೇ, ಮೊಮ್ಮಗಳ ಉತ್ತರ ಸರಿಯೇ? ನಿಮ್ಮ ಅಭಿಪ್ರಾಯವನ್ನು ಬರೆಯಿರಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ
ಪರೋಪಕಾರ, ಮಳೆಗಾಲ, ಒಮ್ಮೊಮ್ಮೆ, ಹನಿಗೂಡು